ಸಹಾಯ ಬೇಕು: ಹಳೆಯ ಹರ್ಬೇರಿಯಂ ಚೀಟಿಗಳಲ್ಲಿನ ಸ್ಥಳ ವಿವರ
ಮಾನ್ಯರೇ, ನಮ್ಮ ವಿಭಾಗದ ಹರ್ಬೇರಿಯಂನ (ಒಣಸಸ್ಯ ಸಂಗ್ರಹದ) ಹಾಳೆಗಳ ಛಾಯಾಚಿತ್ರ ತೆಗೆದು, ವಿವರಗಳನ್ನು ಜೀವವೈವಿಧ್ಯ ದತ್ತಾಂಶಕ್ಕೆಂದೇ ಇರುವ ಡಾರ್ವಿನ್ ಕೋರ್ ಮಾನಕಕ್ಕೆ ಹೊಂದಿಸಿ, ಜಿಬಿಐಎಫ್ (ಜೀವವೈವಿಧ್ಯ ದತ್ತಾಂಶದ ಅಂತರರಾಷ್ಟ್ರೀಯ ಮುಕ್ತ ಜಾಲ) ಮೂಲಕ ಸಂಶೋಧಕರಿಗೂ ವಿದ್ಯಾರ್ಥಿಗಳಿಗೂ ಮುಕ್ತವಾಗಿ ಒದಗಿಸುವ ಕೆಲಸದಲ್ಲಿ ತೊಡಗಿದ್ದೇವೆ. ಅಳತೆಪಟ್ಟಿ, ಬಣ್ಣದ ಪಟ್ಟಿ ಇಟ್ಟು ಚಿತ್ರ ತೆಗೆಯುವುದು ಕಷ್ಟವಲ್ಲ, ತೊಡಕಿರುವುದು ಸಸ್ಯ ಸಿಕ್ಕ ಸ್ಥಳವನ್ನು ಬರೆದಿರುವ ಚೀಟಿಗಳಲ್ಲಿ. ಈಗ ನನ್ನ ಮುಂದಿರುವ ಹಾಳೆಯಲ್ಲಿ ಮಾಸಿದ ಶಾಯಿಯಲ್ಲಿ ‘ಹೊಳೆದಂಡೆ, ಸೇತುವೆಯಿಂದ ಎರಡು ಮೈಲಿ ಮೇಲೆ’ ಎಂದಷ್ಟೇ ಇದೆ. ಯಾವ ಹೊಳೆ, ಯಾವ ಸೇತುವೆ ಎಂಬುದಿಲ್ಲ (ಬರೆದವರಿಗೆ ಅದು ಹೇಳಬೇಕಾದ ಸಂಗತಿಯೆಂದೇ ಅನಿಸಿರಲಿಕ್ಕಿಲ್ಲ). ಇಂಥವಕ್ಕೆ ಅಂದಾಜು ಅಕ್ಷಾಂಶ, ರೇಖಾಂಶ ಕೊಟ್ಟು ಅನಿಶ್ಚಿತತೆಯನ್ನು ಮೀಟರುಗಳಲ್ಲಿ ನಮೂದಿಸಬೇಕೇ, ಇಲ್ಲವೇ ಚೀಟಿಯ ಮಾತನ್ನು ಇದ್ದಂತೆಯೇ ದಾಖಲಿಸಿ ಅಕ್ಷಾಂಶ, ರೇಖಾಂಶದ ಅಂಕಣವನ್ನು ಖಾಲಿ ಬಿಡಬೇಕೇ? ತಪ್ಪು ಬಿಂದುವಿಗಿಂತ ಖಾಲಿ ಅಂಕಣವೇ ಮೇಲೆಂಬುದು ನನ್ನ ಅನಿಸಿಕೆ. ಅಪರೂಪದ ಆರ್ಕಿಡ್‌ಗಳ ನಿಖರ ನೆಲೆಯನ್ನು ಎಷ್ಟರ ಮಟ್ಟಿಗೆ ಮರೆಮಾಡುವುದು ರೂಢಿ ಎಂಬುದನ್ನೂ ಅನುಭವಿಗಳು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.