ಅಪ್‌ಡೇಟ್: ಆರ್‌ಟಿಎಕ್ಸ್ 3060 ಹಾಕಿದ ಮೇಲೆ ಏಳದಿದ್ದ ಪಿಸಿ ಸರಿಯಾಯಿತು

ಸಮಸ್ಯೆ ಇದು: ಹಳೆಯ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1050 ಟಿಐ ತೆಗೆದು ಆರ್‌ಟಿಎಕ್ಸ್ 3060 ಕೂರಿಸಿದ ಮೇಲೆ ಪವರ್ ಒತ್ತಿದರೆ ಫ್ಯಾನ್ ಒಮ್ಮೆ ತಿರುಗಿ ನಿಲ್ಲುತ್ತಿತ್ತು. ಬಿ460 ಮದರ್‌ಬೋರ್ಡ್, ಐ5-10400 ಪ್ರೊಸೆಸರ್, 450 ವ್ಯಾಟ್ ಪವರ್ ಸಪ್ಲೈ. ಹೊಸ ಕಾರ್ಡಿನ 8 ಪಿನ್ ಸಾಕೆಟ್ಟಿಗೆ ಪವರ್ ಕೊಟ್ಟದ್ದು ಸಪ್ಲೈಯ ಸಾಟಾ ಪ್ಲಗ್ಗಿನಿಂದ (ಡಿಸ್ಕಿಗೆ ಹಾಕುವಂಥದ್ದು), ಒಂದು ಅಡಾಪ್ಟರ್ ಮೂಲಕ.

ಇದನ್ನು ಇಲ್ಲಿ ಕೇಳಿದಾಗ, ಕಾರ್ಡ್ ಸ್ಲಾಟಿನಲ್ಲೇ ಇರಲಿ, ಆ 8 ಪಿನ್ ಅಡಾಪ್ಟರ್ ಮಾತ್ರ ಎರಡೂ ಕಡೆ ಕಳಚಿ ನೋಡಿ ಎಂದವರ ಊಹೆ ಸರಿ. ಕಳಚಿದ ಕೂಡಲೇ ಮೆಷಿನ್ ಎದ್ದಿತು. ಸಾಟಾ ತುದಿಯಲ್ಲಿ ಪ್ಲಾಸ್ಟಿಕ್ ಕರಗಿ 12 ವೋಲ್ಟಿನ ಹಳದಿ ವಯರ್ ಗ್ರೌಂಡಿನ ಕಪ್ಪು ವಯರಿಗೆ ತಾಗಿತ್ತು. ಶಾರ್ಟ್ ಆದಾಗ ಸಪ್ಲೈ ತಾನೇ ಆಫ್ ಆಗುವುದು ಸಹಜ. ಲೆಕ್ಕ ನೋಡಿ: ಒಂದು ಸಾಟಾ ಪ್ಲಗ್ 12 ವೋಲ್ಟಿನಲ್ಲಿ 54 ವ್ಯಾಟಿಗಷ್ಟೇ, 8 ಪಿನ್ನಿನದ್ದು 150. ಹಳೆಯ ಕಾರ್ಡಿಗೆ ಸ್ಲಾಟಿನ 75 ವ್ಯಾಟ್ ಸಾಕಿತ್ತು, 3060ಕ್ಕೆ 170 ಬೇಕು. ಇಂಥ ಅಡಾಪ್ಟರ್ ಮಾರುವುದನ್ನೇ ನಿಲ್ಲಿಸಬೇಕು ಮಾರಾಯ್ರೇ.

ಕಾಸರಗೋಡಿನಲ್ಲಿ ಬೇಕಾದ್ದು ಸಿಗದೆ ಮಂಗಳೂರಿನಿಂದ 650 ವ್ಯಾಟ್ ಸಪ್ಲೈ ತರಿಸಿದ್ದಾಯಿತು. ಹಳೆಯ ಸಪ್ಲೈಯ ಮಾಡ್ಯುಲರ್ (ಸಪ್ಲೈಯಿಂದ ಕಳಚಬಹುದಾದ) ಕೇಬಲ್ ಹೊಸದಕ್ಕೆ ಹಾಕಬೇಡಿ. ಪ್ಲಗ್ ಕೂತರೂ ಪಿನ್ ಕ್ರಮ ಬೇರೆ ಇರಬಹುದು, ಬೋರ್ಡ್, ಡಿಸ್ಕ್ ಸುಡುತ್ತದೆ.

ಈಗ ಡಿಸ್‌ಪ್ಲೇ ಬಂತು, ವಿಂಡೋಸ್ ಬರಲಿಲ್ಲ. ನಡುವೆ ಸಿಮಾಸ್ (ಬೋರ್ಡಿನ ಸೆಟ್ಟಿಂಗ್ ಉಳಿಯುವ ಮೆಮೊರಿ) ರೀಸೆಟ್ ಮಾಡಿದ್ದರಿಂದ ಬಯಾಸಿನಲ್ಲಿ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಬೇಕಾದ ಸೆಟ್ಟಿಂಗ್) ಆಫ್ ಆಗಿತ್ತು, ಡಿಸ್ಕ್ ಇನ್ನೂ ಹಳೆಯ ಎಂಬಿಆರ್ ಕ್ರಮದ್ದು. ಸಿಎಸ್‌ಎಂ ಆನ್ ಮಾಡಿದರೆ ಬೂಟ್ ಆಗುತ್ತದೆ. ಆಮೇಲೆ ಬ್ಯಾಕಪ್ ತೆಗೆದು, ವಿಂಡೋಸಿನ ಎಂಬಿಆರ್‌ಟುಜಿಪಿಟಿಯಲ್ಲಿ (ಡಿಸ್ಕನ್ನು ಹೊಸ ಜಿಪಿಟಿ ಕ್ರಮಕ್ಕೆ ಬದಲಿಸುವ ಟೂಲ್) ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್ ಕೊಟ್ಟು, ಸಿಎಸ್‌ಎಂ ಮತ್ತೆ ಆಫ್.

ಮಾನಿಟರ್ ಕೇಬಲ್ ಬೋರ್ಡಿನಲ್ಲೋ ಕಾರ್ಡಿನಲ್ಲೋ ಎಂದು ಕೇಳಿದವರಿಗೆ: ಈಗ ಕಾರ್ಡಿನಲ್ಲೇ ಇದೆ.