ಹೊರಾಂಗಣದ ಕಟ್ಟಿದ ಬೆಂಚಿಗೆ ಯಾವ ಮೇಲ್ಮೈ ಬಾಳಿಕೆ ಬರುತ್ತದೆ?

ಪ್ರಶ್ನೆ: ಮನೆಯ ಹೊರಗೆ ಗಿಡದ ತೊಟ್ಟಿಯ ಗೋಡೆಗೆ ಸೇರಿಸಿ ಇಟ್ಟಿಗೆಯ ಬೆಂಚನ್ನು ಕಟ್ಟಿಸಿ, ಗಿಲಾವು ಮಾಡಿಸಿದ್ದೇವೆ. ಹೊರಗೋಡೆಯ ಬಣ್ಣವನ್ನೇ ಎರಡು ಬಾರಿ ಹಚ್ಚಿಸಿದರೂ ಪ್ರತಿಸಲವೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು, ಹಕ್ಕಳೆಯಾಗಿ ಉದುರಿತು. ಉದುರಿದ ಕಡೆ ಬಿಳಿಯ ಪುಡಿಯೂ ಕಾಣುತ್ತದೆ. ಎಪಾಕ್ಸಿ (ಗಟ್ಟಿಯಾಗುವ ರಾಳದ) ಲೇಪನವನ್ನೋ ಹೊಳಪಿನ ಟೈಲನ್ನೋ ಹಾಕಿದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಾರೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಬಣ್ಣವನ್ನು ದೂರುವ ಮೊದಲು ನೀರು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ನೀವು ಹೇಳಿದ ಬಿಳಿಯ ಪುಡಿ ಲವಣ. ತೊಟ್ಟಿಯ ಮಣ್ಣಿನ ತೇವ ಇಟ್ಟಿಗೆಯೊಳಗಿಂದ ಹಾದು ಬಂದು, ಹೊರಬರಲು ದಾರಿಯಿಲ್ಲದೆ ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ಅದರೊಡನೆ ಬಂದ ಲವಣ ಹರಳುಗಟ್ಟುವಾಗ ಗಿಲಾವನ್ನೂ ಸಡಿಲಗೊಳಿಸುತ್ತದೆ. ಆದ್ದರಿಂದ ಮೊದಲು ತೊಟ್ಟಿಯ ಒಳಮೈಗೆ ಜಲನಿರೋಧಕ ಲೇಪನ ಮಾಡಿಸಿ, ತಳದಲ್ಲಿ ನೀರು ಹೋಗುವ ರಂಧ್ರ ಬಿಡಿಸಿ. ಇದಾಗದೆ ಯಾವ ಲೇಪನವೂ ನಿಲ್ಲುವುದಿಲ್ಲ. ಎಪಾಕ್ಸಿಯಂತೂ ಬಣ್ಣಕ್ಕಿಂತಲೂ ಬಿಗಿಯಾದ ಪದರ; ಮೇಲಾಗಿ ಅದು ಬಿಸಿಲಿಗೆ ಹಳದಿಯಾಗಿ, ಕ್ರಮೇಣ ಪುಡಿಯೇಳುತ್ತದೆ. ಹೊಳಪಿನ ಟೈಲ್ ನೀರು ಬಿದ್ದಾಗ ಜಾರುವುದಲ್ಲದೆ, ಜನ ಕೂರುವ ಮುಂಚೂಣಿ ಅಂಚಿನಲ್ಲಿಯೇ ಮೊದಲು ಚಕ್ಕೆ ಏಳುತ್ತದೆ.

ನನ್ನ ಆಯ್ಕೆ ಸುಮಾರು 30 ಮಿ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ. ಪಾಲಿಶ್ ಮಾಡಿದ್ದಲ್ಲ, ಫ್ಲೇಮ್ಡ್ (ಬೆಂಕಿಯ ಜ್ವಾಲೆ ಹಾಯಿಸಿ ಒರಟಾಗಿಸಿದ) ಅಥವಾ ಲೆದರ್ ಫಿನಿಶ್‌ನದು (ಬ್ರಷ್‌ನಿಂದ ಉಜ್ಜಿ ತೊಗಲಿನಂತೆ ಮೃದುವಾಗಿಸಿದ್ದು). ಫ್ಲೇಮ್ಡ್ ಮೈ ತುಸು ಒರಟಾದ್ದರಿಂದ ಬಟ್ಟೆಗೆ ತಾಗುತ್ತದೆ, ಹಾಗಾಗಿ ಕೂರುವ ಜಾಗಕ್ಕೆ ಲೆದರ್ ಫಿನಿಶ್ ಹೆಚ್ಚು ಹಿತ. ಅಮೃತಶಿಲೆ ಬೇಡ, ನಿಂಬೆರಸದಂಥ ಹುಳಿ ಬಿದ್ದರೂ ಅದರ ಮೈ ಕರಗಿ ಮಂಕಾಗುತ್ತದೆ. ಕೂರುವ ಮೈಯನ್ನು ಮಟ್ಟಸವಾಗಿ ಇಡಬೇಕೆಂಬ ಹಟ ಮೇಸ್ತ್ರಿಗಳಿಗೆ ಸಹಜ, ಇಲ್ಲಿ ಮಾತ್ರ ಅದು ತರವಲ್ಲ: 45 ಸೆಂ.ಮೀ. ಅಗಲಕ್ಕೆ ಸುಮಾರು 1 ಸೆಂ.ಮೀ. ವಾಟ ಮುಂದಕ್ಕೆ ಇರಲಿ. ಚಪ್ಪಡಿ ಮುಂದಕ್ಕೆ ಎರಡು ಮೂರು ಸೆಂ.ಮೀ. ಚಾಚಿ, ಅದರ ಕೆಳಮೈಯಲ್ಲಿ ಉದ್ದಕ್ಕೂ ಒಂದು ಗೀರು ಇದ್ದರೆ ನೀರು ಹಿಂದಕ್ಕೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಗೋಡೆ ಮತ್ತು ಚಪ್ಪಡಿ ಕೂಡುವ ಸಂದಿಗೆ ಸಿಮೆಂಟ್ ತುಂಬಿದರೆ ಬಿಸಿಲಿನಲ್ಲಿ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಹೊರಾಂಗಣಕ್ಕೆ ಹೊಂದುವ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಸಂದಿ ತುಂಬುವ ಅಂಟು) ಹಾಕಿಸಿ.

ಮರುಪ್ರಶ್ನೆ: ಧನ್ಯವಾದಗಳು. ಮಧ್ಯಾಹ್ನದ ಬಿಸಿಲಿಗೆ ಗ್ರಾನೈಟ್ ಕೂರಲಾಗದಷ್ಟು ಕಾಯುವುದಿಲ್ಲವೇ? ಸಂದಿಯೇ ಇಲ್ಲದ ಮೇಲ್ಮೈ ಬೇಕೆಂದರೆ ಬೇರೆ ದಾರಿ ಇದೆಯೇ?

ಉತ್ತರ: ಕಪ್ಪು ಕಲ್ಲು ಖಂಡಿತವಾಗಿ ಕಾಯುತ್ತದೆ, ತಿಳಿ ಬೂದು ಬಣ್ಣದ ಕಲ್ಲು ಅಷ್ಟಾಗಿ ಕಾಯುವುದಿಲ್ಲ. ಸಂದಿಯಿಲ್ಲದ ಮೇಲ್ಮೈಗೆ ಸಿಮೆಂಟಿಗೆ ಕಲ್ಲಿನ ಚೂರು ಬೆರೆಸಿ ಉಜ್ಜಿದ ಟೆರಾಝೋ ಒಳ್ಳೆಯದು, ಏಕೆಂದರೆ ಮೇಲ್ಪದರ ಸವೆದರೂ ಒಳಗೆ ಅದೇ ಬಣ್ಣ ಇರುತ್ತದೆ. ಅದಕ್ಕೆ ಬಣ್ಣ ಬೇಕಿದ್ದರೆ ಬಿಸಿಲಿಗೆ ಮಾಸದ ಐರನ್ ಆಕ್ಸೈಡ್‌ನ ಕೆಂಪು ಅಥವಾ ಹಳದಿಯನ್ನು ಬೆರೆಸಬಹುದು. ಬೆಂಚು ಉದ್ದವಾಗಿದ್ದರೆ ನಡುವೆ ಪಟ್ಟಿ ಕೊಟ್ಟು ಭಾಗ ಮಾಡಲೇಬೇಕು, ಇಲ್ಲವಾದರೆ ಬಿರುಕು ತನಗೆ ಬೇಕಾದ ಕಡೆ ಬೀಳುತ್ತದೆ. ಕನಿಷ್ಠ ಏಳು ದಿನ ನೀರುಣಿಸಿ, 28 ದಿನ ಕಳೆದು ಚೆನ್ನಾಗಿ ಒಣಗಿದ ಮೇಲೆ, ಪದರ ಕಟ್ಟದೆ ಒಳಗಿಳಿದು ನೀರನ್ನು ತಡೆಯುವ ಸಿಲೇನ್-ಸಿಲೋಕ್ಸೇನ್ ಸೀಲರ್ ಹಚ್ಚಿಸಿ. ಮುಂದೆ ಆಗೀಗ ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಮಣಿಯಂತೆ ನಿಲ್ಲದೆ ಹೀರಿಕೊಂಡು ಕಲೆಯಾದರೆ ಸೀಲರ್ ಮತ್ತೆ ಹಚ್ಚುವ ಕಾಲ ಬಂದಿದೆ.