ಅಪ್‌ಡೇಟ್: 15ರ ಮಗಳನ್ನ ಸ್ತ್ರೀರೋಗ ತಜ್ಞರಿಗೆ ತೋರಿಸಿದ್ವಿ

ಮಗಳಿಗೆ 15, ಮುಟ್ಟು ಏರುಪೇರು, ಈಗಲೇ ತೋರಿಸಬೇಕಾ ಅಂತ ಹೋದ ವಾರ ಕೇಳಿದ್ದೆ. "13ರಿಂದ 15ರೊಳಗೆ ಒಮ್ಮೆ ಮಾತಾಡಿಸಿಕೊಂಡು ಬನ್ನಿ" ಅಂದವರ ಮಾತೇ ಸರಿ ಹೋಯ್ತು. "ಮದುವೆ ಆಗ್ಲಿ ಬಿಡಿ" ಅನ್ನೋದನ್ನ ದಯವಿಟ್ಟು ಕೇಳಬೇಡಿ. ಕೆಲವರು ಹೇಳಿದ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ಪತ್ತೆ ಪರೀಕ್ಷೆ) ಕೂಡ ಈ ವಯಸ್ಸಿಗಲ್ಲ. ಅಮೆರಿಕದಲ್ಲೇ 21ಕ್ಕೆ ಶುರು, ನಮ್ಮ ಸರ್ಕಾರಿ ಗರ್ಭಕಂಠ ತಪಾಸಣೆ 30ಕ್ಕೆ.

ಒಳಪರೀಕ್ಷೆ ಮಾಡಲೇ ಇಲ್ಲ. ತೂಕ, ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್, ಹೊಟ್ಟೆ ಮೇಲಿಂದ ಸ್ಕ್ಯಾನ್, ಅಷ್ಟೇ. ಸ್ಕ್ಯಾನಿಗೆ ಒಂದು ಗಂಟೆ ಮುಂಚೆ 4-5 ಲೋಟ ನೀರು ಕುಡಿದು ಮೂತ್ರ ತಡೀಬೇಕು. ಮೂತ್ರಕೋಶ ತುಂಬದಿದ್ರೆ ಕರುಳಿನ ಗ್ಯಾಸ್ ಅಡ್ಡ ಬಂದು ಗರ್ಭಕೋಶ ಸರಿಯಾಗಿ ಕಾಣಲ್ಲ, ಮತ್ತೆ ನೀರು ಕುಡಿಸಿ ಕೂರಿಸ್ತಾರೆ. ಹಿಂದಿನ ಮೂರು ಮುಟ್ಟಿನ ತಾರೀಖು, ದಿನಕ್ಕೆಷ್ಟು ಪ್ಯಾಡ್ ಅನ್ನೋದನ್ನ ಬರೆದುಕೊಂಡು ಹೋಗಿ, ಮೊದಲು ಕೇಳೋದೇ ಅದು.

15 ತುಂಬಿದರೂ ಮೈನೆರೆಯದಿದ್ರೆ, ಸ್ರಾವ 7 ದಿನ ದಾಟಿದ್ರೆ, ಗಂಟೆಗೊಂದು ಪ್ಯಾಡ್ ನೆನೆದ್ರೆ ಕಾಯಲೇಬೇಡಿ.

ಹೊಸದಾಗಿ ತಿಳಿದಿದ್ದು: ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರೋ ವೈರಸ್) ಲಸಿಕೆ ಲೇಬಲ್ ಪ್ರಕಾರ 9ರಿಂದ 14ರವರೆಗೆ 2 ಡೋಸ್ ಸಾಕು, 15 ತುಂಬಿದ ಮೇಲೆ 3. ಇವಳಿಗೆ ಮೊದಲನೇದು ಆಯ್ತು, ಉಳಿದವು 2ನೇ, 6ನೇ ತಿಂಗಳಿಗೆ. ತಂಗಿಗೆ 11, ಅವಳಿಗೂ ಈ ತಿಂಗಳೇ ಹಾಕಿಸ್ತಿದ್ದೀವಿ.